ಮುಟ್ಟಾಳೆ ತುಂಬ ಮೊಟ್ಟೆ

ಕಳೆದ ಮಾರ್ಚ್ ಕೊನೆಯಲ್ಲಿ ಪರೀಕ್ಷೆ ಮುಗಿಸಿ ಮೊಮ್ಮಗಳು ಬೆಂಗಳೂರಿನಿಂದ ಕಂಕನಾಡಿಗೆ ಬಂದಿದ್ದಳು. ಅದೇ ಹೊತ್ತಿಗೆ ನಮ್ಮ ವಠಾರದವರು ಒಂದು ದಿನದ ಪ್ರವಾಸ ಗೊತ್ತು ಮಾಡಿದ್ದರು. ಬೆಳಗಿನ ಜಾವ ಸಸಿಹಿತ್ಲಿನಲ್ಲಿ ಕಡಲಾಮೆ ಮರಿಗಳು, ಆಮೇಲೆ ಪಣಂಬೂರು, ಸಂಜೆ ತಣ್ಣೀರುಬಾವಿ. ವಿವರ ಹೇಳಲು ಒಬ್ಬ ಗೈಡ್ ಹುಡುಗ.

ದಿನ ಮಾತ್ರ ನಿಗದಿಯಾಗಿರಲಿಲ್ಲ. "ಮರಿ ಹೊರಗೆ ಬರುವುದು ಅವುಗಳ ಟೈಮಿಗೆ, ನಮ್ಮ ಟೈಮಿಗಲ್ಲ" ಎಂದಿದ್ದ ಅವನು. ಒಂದು ರಾತ್ರಿ ಫೋನ್ ಬಂತು. ಗೂಡಿನ ಮೇಲಿನ ಮರಳು ಕುಸಿದಿದೆ, ಬೆಳಗಿನೊಳಗೆ ಮರಿಗಳು ಬರಬಹುದು, ನಾಲ್ಕು ಗಂಟೆಗೆ ಹೊರಡಿ ಎಂದು.

ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲು ತಲುಪಿದಾಗ ಇನ್ನೂ ಕತ್ತಲೆ. ಟಾರ್ಚ್, ಮೊಬೈಲ್ ಎಲ್ಲ ಆರಿಸಲು ಹೇಳಿದರು. ಮರಿಗಳು ಬೆಳಕಿನ ಕಡೆಗೆ ಹೋಗುತ್ತವೆ. ಮೊದಲೆಲ್ಲ ರಾತ್ರಿ ದಡದಲ್ಲಿ ಬೆಳಕೆಂದರೆ ಕಡಲಿನ ಮೇಲಿನ ಬಾನು ಮಾತ್ರ. ಈಗ ರಸ್ತೆಯ ದೀಪ ನೋಡಿ ಹಿಂದೆ ತಿರುಗುತ್ತವೆ, ಮತ್ತೆ ನಾಯಿ, ಕಾಗೆಗಳ ಪಾಲು.

ಬಲೆ ಕಟ್ಟಿದ ಗೂಡಿನ ಪಕ್ಕ ಅರಣ್ಯ ಇಲಾಖೆಯ ಕಾವಲುಗಾರ ಕುಳಿತಿದ್ದರು. ಒಲಿವ್ ರಿಡ್ಲೆ ಜಾತಿಯ ತಾಯಿ ಸುಮಾರು 50 ದಿನಗಳ ಹಿಂದೆ 103 ಮೊಟ್ಟೆ ಇಟ್ಟು ಮರಳು ಮುಚ್ಚಿ ಹೋಗಿತ್ತು. ಮತ್ತೆ ಅದು ಬರುವುದಿಲ್ಲ. ಕಾವು ಕೊಡುವುದು ಮರಳಿನ ಬಿಸಿಯೇ. ಬಿಸಿ ಹೆಚ್ಚಾದರೆ ಹೆಣ್ಣು ಮರಿ, ಕಡಿಮೆಯಾದರೆ ಗಂಡು ಮರಿ ಹೆಚ್ಚು ಹುಟ್ಟುತ್ತವಂತೆ.

ಪೂರ್ವ ಸ್ವಲ್ಪ ಬೆಳ್ಳಗಾಗುವಾಗ ಮರಳು ಅಲ್ಲಾಡಿತು. ಬೆರಳುದ್ದದ ಕಪ್ಪು ಮರಿಗಳು ಒಂದರ ಮೇಲೊಂದು ಏರಿ ಬಂದವು. ಎತ್ತಿ ನೀರಿಗೆ ಬಿಡುವ ಹಾಗಿಲ್ಲ, ಅವೇ ನಡೆದು ಹೋಗಬೇಕು. ಹೆಣ್ಣಾಮೆ ದೊಡ್ಡದಾದ ಮೇಲೆ ಮೊಟ್ಟೆಯಿಡಲು ಹುಟ್ಟಿದ ಕರಾವಳಿಗೇ ಮರಳುತ್ತದೆ ಎಂದ ಗೈಡ್. ಬ್ಯಾಂಕಿನಲ್ಲಿ ನೋಟು ಎಣಿಸಿದ ಅಭ್ಯಾಸ ನನಗೆ. ಎಣಿಸುತ್ತಾ ಹೋದೆ. 81.

"ಮೊದಲು ಯಾರಾದರೂ ಆಮೆ ಮೊಟ್ಟೆ ನೋಡಿದವರು ಉಂಟಾ?" ಎಂದು ಗೈಡ್ ಕೇಳಿದ. ನಾನು ಸುಮ್ಮನಿದ್ದೆ.

ಸುರತ್ಕಲ್‌ನಲ್ಲಿ ಬನ್ಸ್, ಗೋಳಿಬಜೆ ತಿಂದೆವು. ಪಣಂಬೂರಿನಲ್ಲಿ ಬಂದರಿಗೆ ಬರಲು ಕಾದು ನಿಂತ ಹಡಗುಗಳನ್ನು ಮಕ್ಕಳು ಎಣಿಸಿದರು. ಊಟ ಮುಗಿಸಿ, ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಕಾವಲು ಬುರುಜು ನೋಡಿ, ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ದಾಟಿ ತಣ್ಣೀರುಬಾವಿಗೆ ಬಂದೆವು. ಉಳಿದವರು ನೀರಿಗೆ ಇಳಿದರು. ನಾನೂ ಮೊಮ್ಮಗಳೂ ಗಾಳಿಮರದ ನೆರಳಲ್ಲಿ ಚರುಮುರಿ ಹಿಡಿದು ಕುಳಿತೆವು.

"ಅಜ್ಜ, ಗೈಡಣ್ಣ ಕೇಳಿದಾಗ ನೀವು ಯಾಕೆ ಕೈ ಎತ್ತಲಿಲ್ಲ? ಆಮೆ ನೋಡಿದ್ದೇನೆ ಅಂತ ಮೊನ್ನೆ ಹೇಳಿದ್ರಲ್ಲ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೇಳಿದೆ. ಈ ತಣ್ಣೀರುಬಾವಿಯಲ್ಲೇ ನನ್ನ ಅಜ್ಜಿಮನೆ ಇತ್ತು. 1962ರ ಹೊತ್ತಿಗೆ ನನಗೆ ಹತ್ತು ವರ್ಷವಿರಬೇಕು. ಬೆಳಿಗ್ಗೆ ಮರಳಿನಲ್ಲಿ ಬಂಡಿ ಎಳೆದ ಹಾಗೆ ಗುರುತು ಕಂಡರೆ ಹುಡುಗರೆಲ್ಲ ಕೋಲು ಚುಚ್ಚಿ ಗೂಡು ಹುಡುಕುತ್ತಿದ್ದೆವು. ಪಿಂಗ್‌ಪಾಂಗ್ ಚೆಂಡಿನಂಥ ಮೆತ್ತನೆಯ ಮೊಟ್ಟೆ. ಒಮ್ಮೆ ಮಾವನ ಮುಟ್ಟಾಳೆ ತುಂಬ ತಂದೆ, 40 ಇದ್ದವು. ಅಜ್ಜಿ ಬೇಯಿಸಿಕೊಟ್ಟರು.

ಅವಳು ಬೈಯುವಳೆಂದು ನಾನು ಕಾದೆ. "ರುಚಿ ಹೇಗಿತ್ತು?" ಎಂದಳು.

"ಎಷ್ಟು ಬೇಯಿಸಿದರೂ ಬಿಳಿ ಭಾಗ ಗಟ್ಟಿಯಾಗುತ್ತಿರಲಿಲ್ಲ ಮಗಾ. ಹಾಗೇ ನುಂಗಿದೆವು."

ಕಡಲಾಮೆಗೆ ಹುಲಿಯಷ್ಟೇ ರಕ್ಷಣೆ ಕೊಡುವ ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಆದ್ದರಿಂದ ನಾನು ಕಾನೂನು ಮುರಿದವನಲ್ಲ. ಸಾವಿರ ಮರಿಗಳಲ್ಲಿ ಒಂದು ದೊಡ್ಡದಾದರೆ ಹೆಚ್ಚು ಅನ್ನುತ್ತಾರೆ, ಆ ಲೆಕ್ಕದಲ್ಲಿ ನನ್ನ 40ರಲ್ಲಿ ಒಂದೂ ಉಳಿಯುತ್ತಿರಲಿಲ್ಲ ಎಂದೂ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಕಡಲ ಬದಿಯ ಪ್ರತಿ ಮನೆಯಲ್ಲೂ ಒಬ್ಬ ಹುಡುಗ, ಒಂದು ಮುಟ್ಟಾಳೆ ಇತ್ತಲ್ಲ! ಒಬ್ಬೊಬ್ಬರದೂ ಸಣ್ಣ ಮೊತ್ತ. ಕೂಡಿಸಿದರೆ?

ಮೊಮ್ಮಗಳು ಬೆರಳು ಮಡಚಿ ಏನೋ ಲೆಕ್ಕ ಹಾಕಿ ಹೇಳಿದಳು, "ನೀವು ತಿಂದದ್ದು 40. ಇವತ್ತು ಬಿಟ್ಟದ್ದು 81. ಸರಿ ಆಯ್ತಲ್ಲ ಅಜ್ಜ!"

ಹೂಂ ಅನ್ನಬಹುದಿತ್ತು. ಆದರೆ ಒಬ್ಬರ ಜಮೆಯನ್ನು ಇನ್ನೊಬ್ಬರ ಖಾತೆಗೆ ಬರೆಯಲು ಮನಸ್ಸು ಬರಲಿಲ್ಲ. "ಆ 81 ನಮ್ಮದಲ್ಲ ಮಗಾ. ರಾತ್ರಿ ನಿದ್ದೆಬಿಟ್ಟು ಗೂಡು ಕಾದವರದು. ನಾವು ನೋಡಿದ್ದು ಮಾತ್ರ."

"ಹಾಗಾದ್ರೆ ನಿಮ್ಮದು ಬಾಕಿ ಉಂಟು" ಎಂದು ಅವಳು ನೀರಿನ ಕಡೆಗೆ ಓಡಿದಳು.

ಹೌದು, ಬಾಕಿ ಉಂಟು. ಗೂಡು ಕಾಯುವ ಶಕ್ತಿ ಈ ವಯಸ್ಸಿನಲ್ಲಿ ನನಗಿಲ್ಲ. ಇಷ್ಟು ಹೇಳಬಲ್ಲೆ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ನಮ್ಮ ಕಡಲತೀರಕ್ಕೆ ಹೋದಾಗ ಮರಳಿನಲ್ಲಿ ಬಂಡಿ ಎಳೆದಂಥ ಗುರುತು ಕಂಡರೆ ತುಳಿಯಬೇಡಿ, ಅಗೆಯಬೇಡಿ, ಫೋಟೊಕ್ಕೆ ಬೆಳಕು ಬಿಡಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ಮತ್ತೆ ನಿಮ್ಮ ಮನೆಯಲ್ಲಿ ಕಡಲ ಬದಿಯಲ್ಲಿ ಬೆಳೆದ ಅಜ್ಜ ಅಜ್ಜಿ ಇದ್ದರೆ, ಅವರು ಮೊಟ್ಟೆ ತಂದದ್ದುಂಟಾ ಎಂದು ಮೆಲ್ಲ ಕೇಳಿ ನೋಡಿ.