ಹಿಂದೆ ನಿಂತವರ ಮುಂದಿನ ದಾರಿ

ಬಳ್ಳಾರಿ ಸೀಮೆಯಲ್ಲಿ ಎಲ್ಲಿಗೆ ಹೊರಟರೂ ಬಂಡೆಗುಡ್ಡಗಳು ಕಣ್ಣಿಗೆ ಬೀಳುತ್ತವೆ. ದೊಡ್ಡಬಸವೇಶ್ವರನ ಏಕಶಿಲಾ ನಂದಿಯಿಂದ ಹೆಸರಾದ ಕುರುಗೋಡಿನ ಸಮೀಪದ ಊರು ಬಾದನಹಟ್ಟಿ. ಎರೆಭೂಮಿಯ ಈ ಸೀಮೆಯಲ್ಲಿ ತುಂಗಭದ್ರೆಯ ಕಾಲುವೆ ನೀರು ತಲುಪಿದ ಕಡೆ ಭತ್ತ, ಉಳಿದೆಡೆ ಮೆಣಸಿನಕಾಯಿ, ಹತ್ತಿ. ಇಂಥ ಹಳ್ಳಿಗಳ ಬಯಲಲ್ಲಿ ಸಂಜೆ ನಡೆಯುವುದು ಹೆಚ್ಚಾಗಿ ಕಬಡ್ಡಿ, ಕೊಕ್ಕೊ, ಕ್ರಿಕೆಟ್. ಕಾಲ್ಚೆಂಡಾಟ ಅಪರೂಪ. 'ಆಟ ಆಡಿದರೆ ಹೊಟ್ಟೆ ತುಂಬುತ್ತದೆಯೇ?' ಎಂಬ ಹೆತ್ತವರ ಪ್ರಶ್ನೆ ಮಾತ್ರ ಅಪರೂಪವಲ್ಲ.

ಇದೇ ಜಿಲ್ಲೆಯಲ್ಲಿ, ಹೊಸಪೇಟೆ ರಸ್ತೆಯ ತೋರಣಗಲ್ಲಿನ ಬಳಿ ಉಕ್ಕಿನ ಕಾರ್ಖಾನೆಗೆ ಹೊಂದಿಕೊಂಡು 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಆರಂಭವಾಯಿತು. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ವಸತಿ ಅಕಾಡೆಮಿ ನೆಲೆ ಕಂಡದ್ದೂ ಅಲ್ಲಿಯೇ. ಆ ತಂಡದ ಮೊದಲ ತರಬೇತುದಾರ ಆಶ್ಲೇ ವೆಸ್ಟ್‌ವುಡ್ ಅವರ ಬದುಕು ಹೆತ್ತವರ ಪ್ರಶ್ನೆಗೆ ಒಂದು ಉತ್ತರ. ಜೊತೆಗೆ ಒಂದು ಎಚ್ಚರಿಕೆಯೂ ಹೌದು.

ವೆಸ್ಟ್‌ವುಡ್ 1976ರಲ್ಲಿ ಇಂಗ್ಲೆಂಡಿನ ಬ್ರಿಜ್‌ನಾರ್ತ್ ಎಂಬ ಊರಿನಲ್ಲಿ ಜನಿಸಿದರು. ಹುಡುಗನಾಗಿದ್ದಾಗಲೇ ಪ್ರಸಿದ್ಧ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ತರಬೇತಿ ಪಡೆಯುವ ಅವಕಾಶ ಸಿಕ್ಕಿತು. ಆದರೆ ಅದರ ಮುಖ್ಯ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. 1995ರಲ್ಲಿ ಸಣ್ಣ ತಂಡವಾದ ಕ್ರೂ ಅಲೆಕ್ಸಾಂಡ್ರಾಕ್ಕೆ ಹೋದರು. ಮುಂದೆ ಬ್ರಾಡ್‌ಫರ್ಡ್, ಶೆಫೀಲ್ಡ್, ನಾರ್ತಾಂಪ್ಟನ್, ರೆಕ್ಸ್‌ಹ್ಯಾಮ್ ಎಂದು ಊರೂರು ಸುತ್ತಿದರು. ಅತಿ ಮೇಲಿನ ದರ್ಜೆಯಲ್ಲಿ ಆಡಿದ್ದು ಬೆರಳೆಣಿಕೆಯ ಪಂದ್ಯ. ಅವರು ರಕ್ಷಣಾ ಆಟಗಾರ. ಗೋಲು ಹೊಡೆದವನ ಹೆಸರು ಮರುದಿನ ಪತ್ರಿಕೆಯಲ್ಲಿರುತ್ತದೆ. ಗೋಲು ತಪ್ಪಿಸಿದವನ ಹೆಸರು ಜೊತೆಗಾರರಿಗಷ್ಟೇ ನೆನಪು.

ಕಬಡ್ಡಿ ಆಡುವ ಮಕ್ಕಳಿಗೆ ಈ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಾಳಿ ಒಳಬಂದೊಡನೆ ಹಿಡಿಯುವವರು ಮೇಲೆ ಬೀಳುವುದಿಲ್ಲ. ಮೂಲೆಗೆ ಒತ್ತಿ, ಸಮಯ ಕಾಯುತ್ತಾರೆ. ಫುಟ್‌ಬಾಲಿನ ರಕ್ಷಕನೂ ಹಾಗೆಯೇ. ಚೆಂಡಿಗೂ ಗೋಲಿಗೂ ನಡುವೆ ನಿಂತು ಚೆಂಡಿನ ಕಡೆಗೆ ಎರಡು ಹೆಜ್ಜೆ ಸರಿದರೆ ಎದುರಾಳಿಗೆ ಗೋಲು ಕಾಣುವ ಕೋನ ಕಿರಿದಾಗುತ್ತದೆ. ಶಾಲೆಯ ರೇಖಾಗಣಿತವೇ ಇಲ್ಲಿ ಬೆವರಿಳಿಸುತ್ತದೆ. ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುವುದರಿಂದ ಉಳಿದವರಿಗೆ ಜಾಗ ತೋರಿಸುವ ಹೊಣೆಯೂ ಅವನದೇ. ತರಬೇತುದಾರನ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.

ಆಟ ಮುಗಿದ ಮೇಲೆ ವೆಸ್ಟ್‌ವುಡ್ ಸಹಾಯಕರಾಗಿ ದುಡಿದು, 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ತಂಡಕ್ಕೆ ಬಂದರು. ಸುನಿಲ್ ಛೇತ್ರಿ ನಾಯಕತ್ವದ ಆ ತಂಡ 2014ರ ಏಪ್ರಿಲ್‌ನಲ್ಲಿ, ಆಡಿದ ಮೊದಲ ವರ್ಷವೇ, ಐ–ಲೀಗ್ ಪ್ರಶಸ್ತಿ ಗೆದ್ದಿತು. ಮರುವರ್ಷ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ವಿರುದ್ಧ ಗೆದ್ದಿದ್ದರೆ ಮತ್ತೆ ಪ್ರಶಸ್ತಿ. ಒಂದು ಗೋಲಿನ ಮುನ್ನಡೆಯೂ ಇತ್ತು. 87ನೇ ನಿಮಿಷದಲ್ಲಿ ಬಾಗನ್ ಸಮಬಲ ಸಾಧಿಸಿ ಪ್ರಶಸ್ತಿ ಒಯ್ದಿತು. ಕೊನೆಯ ಮೂರು ನಿಮಿಷವನ್ನೂ ಕಾಯಬೇಕು ಎಂಬುದು ರಕ್ಷಕನಾಗಿದ್ದವರಿಗೆ ಹೊಸ ಪಾಠವೇನಲ್ಲ. 2016ರಲ್ಲಿ ಬೆಂಗಳೂರು ಪ್ರಶಸ್ತಿಯನ್ನು ಮರಳಿ ಪಡೆಯಿತು.

ಅದೇ ವರ್ಷ ಅವರು ಬೆಂಗಳೂರು ಬಿಟ್ಟರು. ಮಲೇಷ್ಯಾದ ಪೆನಾಂಗ್ ತಂಡ ಕೈಹಿಡಿಯಲಿಲ್ಲ; ಕೋಲ್ಕತ್ತದಲ್ಲಿ ಮುಖ್ಯ ಹೊಣೆ ಕೆಲವೇ ವಾರದ್ದಾಯಿತು. ಪಂಜಾಬಿಗೂ ಹೋಗಿಬಂದರು. 2023ರಲ್ಲಿ ಅಫ್ಘಾನಿಸ್ತಾನ ತಂಡದ ಹೊಣೆ ಹೊತ್ತರು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಆ ತಂಡ ಭಾರತವನ್ನು 2–1ರಿಂದ ಸೋಲಿಸಿತು. ಎದುರಿನಲ್ಲಿದ್ದವರು ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯ ಆಡುತ್ತಿದ್ದ ಅದೇ ಛೇತ್ರಿ! 2025ರ ಜೂನ್‌ನಲ್ಲಿ ವೆಸ್ಟ್‌ವುಡ್ ಅವರ ಹಾಂಕಾಂಗ್ ತಂಡವೂ ಭಾರತವನ್ನು ಮಣಿಸಿತು.

ಸಂಚಾರಿ ತರಬೇತುದಾರನ ಕೆಲಸ ಭದ್ರವಾದದ್ದಲ್ಲ. ನಾಲ್ಕು ಪಂದ್ಯ ಸೋತರೆ ಪೆಟ್ಟಿಗೆ ಕಟ್ಟಬೇಕು. ಆದ್ದರಿಂದ ಆಟದ ಆಸೆಯುಳ್ಳ ಮಕ್ಕಳು ಓದನ್ನು ಬಿಡಬಾರದು. ಆದರೆ ದೊಡ್ಡ ತಂಡದಲ್ಲಿ ಜಾಗ ಸಿಗದಿದ್ದರೆ ಆಟದ ದಾರಿಯೇ ಮುಗಿಯಿತೆಂದೂ ತಿಳಿಯಬೇಕಿಲ್ಲ. ತರಬೇತುದಾರನಾಗಲು ಡಿ, ಸಿ, ಬಿ, ಎ, ಪ್ರೊ ಎಂಬ ಪರವಾನಗಿಗಳ ಮೆಟ್ಟಿಲುಗಳಿವೆ. ಅಲ್ಲಿ ದೇಹದ ಶ್ರಮ, ಆಹಾರ, ವಿಶ್ರಾಂತಿಯ ಲೆಕ್ಕ ತಿಳಿದಿರಬೇಕು; ಮಾತಿನಲ್ಲಿ ಸ್ಪಷ್ಟತೆ ಬೇಕು. ಶಾಲೆಯ ಪಾಠ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಹೊತ್ತು ಮುಳುಗುವಾಗ ಬಾದನಹಟ್ಟಿಯಂಥ ಊರಿನ ಬಯಲಲ್ಲಿ ಮಕ್ಕಳು ಆಡುತ್ತಿದ್ದರೆ ಹೆತ್ತವರು ಒಂದು ಗಳಿಗೆ ನಿಂತು ನೋಡಬೇಕು. ಹೆಚ್ಚು ಅಂಕ ತಂದ ಹುಡುಗನನ್ನು ಎಲ್ಲರೂ ನೋಡುತ್ತಾರೆ. ಮೂಲೆಯಲ್ಲಿ ನಿಂತು 'ಅಲ್ಲಿ ಬೇಡ, ಇಲ್ಲಿ ನಿಲ್ಲು' ಎಂದು ಜೊತೆಗಾರರಿಗೆ ಕೂಗಿ ಹೇಳುವವನನ್ನೂ ಗಮನಿಸಬೇಕು. ಅವನು ಆಗಲೇ ಕಲಿಸುವ ಕೆಲಸ ಆರಂಭಿಸಿದ್ದಾನೆ.