ಅಳಗುಳಿ ಮಣೆಗಾಗಿ ಹಳೇ ಮೈಸೂರು ರಸ್ತೆಯಲ್ಲಿ

ನನ್ನ ಕಪಾಟಿನಲ್ಲಿ 43 ಬೋರ್ಡ್ ಗೇಮ್‌ಗಳಿವೆ. ಕ್ಯಾಟಾನ್, ಕಾರ್ಕಸಾನ್, ಟಿಕೆಟ್ ಟು ರೈಡ್, ಅಜೂಲ್, ಹೀಗೆ. ಈ ಹುಚ್ಚು ಇರೋರಿಗೆ ಹೆಸರು ಹೇಳಿದ್ರೆ ಸಾಕು, ಇಲ್ಲದೋರಿಗೆ ಎಷ್ಟು ವಿವರಿಸಿದ್ರೂ ‘ಓ, ಲೂಡೋ ಥರಾನಾ?’ ಅನ್ನೋ ಪ್ರಶ್ನೆ ತಪ್ಪಲ್ಲ. ಮದುವೆ ಮಾತುಕತೆಗೆ ಬಂದವರೊಬ್ಬರು ಕಪಾಟು ನೋಡಿ ‘ಮನೇಲಿ ಚಿಕ್ಕ ಮಕ್ಕಳಿದಾರಾ?’ ಅಂತ ಕೇಳಿದ್ದೂ ಉಂಟು.

ನಮ್ಮ ಆಫೀಸಿನ ಕ್ಲೈಂಟ್‌ಗಳೆಲ್ಲ ಅಮೆರಿಕದವರು. ಡಿಸೆಂಬರ್ ಕೊನೆಯ ವಾರ ಅಲ್ಲಿ ಯಾರೂ ಇರಲ್ಲ, ಹಾಗಾಗಿ ಇಲ್ಲೂ ಯಾರೂ ಇರಲ್ಲ. ಆ ವಾರ ಕಪಾಟಿಗೆ ಒಂದೆರಡು ಹೊಸ ಆಟ ಸೇರಿಸೋದು ನಾನು ಐದಾರು ವರ್ಷದಿಂದ ನಡೆಸಿಕೊಂಡು ಬಂದಿರೋ ಪದ್ಧತಿ. ಸಾಮಾನ್ಯವಾಗಿ ಅದು ಕೊರಿಯರ್‌ನಲ್ಲಿ ಬರುತ್ತೆ, ಆಟದ ಬೆಲೆಯ ಜೊತೆ ಸಾಗಣೆ, ಕಸ್ಟಮ್ಸ್ ಎಲ್ಲ ಹೊತ್ತುಕೊಂಡು. ಈ ಸಲ ಮಾತ್ರ ಆಟ ತರೋಕೆ ಬೈಕ್ ಹತ್ತಬೇಕಾಯ್ತು.

ವಿಷಯ ಏನಂದ್ರೆ, ಶ್ರೀರಂಗಪಟ್ಟಣದಲ್ಲಿ ನಮ್ಮಜ್ಜಿಯ ತಂಗಿ ಇದ್ದಾರೆ. ನಾವೆಲ್ಲ ಚಿಕ್ಕಜ್ಜಿ ಅನ್ನೋದು. ವಯಸ್ಸು 84, ಒಬ್ಬರೇ ಇರೋದು. ಮಾರ್ಚ್‌ನಲ್ಲಿ ಮಗ ಅವರನ್ನ ಹೈದರಾಬಾದಿಗೆ ಕರ್ಕೊಂಡು ಹೋಗ್ತಾರೆ, ಮನೆ ಮಾರಾಟಕ್ಕೆ. ಫ್ಯಾಮಿಲಿ ಗ್ರೂಪಿನಲ್ಲಿ ಯಾರಿಗೆ ಏನು ಅನ್ನೋ ಪಟ್ಟಿ ಓಡಾಡ್ತಾ ಇತ್ತು. ಹಿತ್ತಾಳೆ ಹಂಡೆ ಒಬ್ಬರಿಗೆ, ತೊಟ್ಟಿಲು ಇನ್ನೊಬ್ಬರಿಗೆ. ಮಾಮ ನನಗೆ ಫೋನ್ ಮಾಡಿ, ‘ಅಳಗುಳಿ ಮಣೆ ನೀನು ತಗೊಂಡು ಹೋಗೋ, ಆಟದ ಹುಚ್ಚು ಇರೋದು ನಿಂಗೊಬ್ಬನಿಗೇ’ ಅಂದರು. ಹಲಸಿನ ಮರದ ಮಣೆ, ಚಿಕ್ಕಜ್ಜಿ ಮದುವೆಯಲ್ಲಿ ತವರಿಂದ ಬಂದದ್ದು. 44ನೇ ಆಟ ಅಂದುಕೊಂಡು ಹೊರಟೆ.

2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶ ಇಲ್ಲ. ಇದೊಂಥರಾ ಒಳ್ಳೇದೇ. ಕಾರಿನವರು ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವುದನ್ನೂ ನೋಡದೆ ಬೈಪಾಸ್‌ಗಳಲ್ಲಿ ಹಾರಿಹೋಗ್ತಾರೆ. ಬೈಕಿನವರು ಹಳೇ ರಸ್ತೆ ಹಿಡಿದು ಊರೊಳಗಿಂದಲೇ ಹೋಗಬೇಕು. ಚನ್ನಪಟ್ಟಣದಲ್ಲಿ ರಸ್ತೆ ಬದಿಯ ಬೊಂಬೆ ಅಂಗಡಿಗಳು ತೆರೆದೇ ಇದ್ದವು. ಗಿರಾಕಿಗಳು ಮಾತ್ರ ಬೆರಳೆಣಿಕೆ. ‘ಮೊದಲು ಮೈಸೂರಿಗೆ ಹೋಗೋ ಬಸ್ಸು, ಟ್ಯಾಕ್ಸಿ ಎಲ್ಲಾ ಇಲ್ಲೇ ನಿಲ್ತಿತ್ತು ಸಾರ್’ ಅಂದರು ಅಂಗಡಿಯವರು.

ನನಗೆ ಬೇಕಿದ್ದದ್ದು ಚೌಕಾಬಾರಕ್ಕೆ ಕಾಯಿ. ನಾಲ್ಕು ಬಣ್ಣ, ಬಣ್ಣಕ್ಕೆ ನಾಲ್ಕರಂತೆ 16. ಅಂಗಡಿಯಲ್ಲಿ ಅಂಥದ್ದು ಇರಲಿಲ್ಲ. ಹಿಂದಿನ ಬೀದಿಯ ಕಾರ್ಖಾನೆಗೆ ಕಳಿಸಿದರು. ಕಾರ್ಖಾನೆ ಅಂದ್ರೆ ಒಂದು ಕೋಣೆ, ಮೂರು ಲೇತ್, ನೆಲದ ತುಂಬ ಮರದ ಹೊಟ್ಟು. ಚನ್ನಪಟ್ಟಣದ ಬೊಂಬೆಗೆ ಬಳಸೋದು ಆಲೆ ಮರ. ಬಿಳಿ, ಹಗುರ, ಉಳಿಗೆ ಬೆಣ್ಣೆ ಥರ ಸಿಗುತ್ತೆ. ತಿರುಗ್ತಾ ಇರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಕುಂಚ ಇಲ್ಲ, ಒಣಗಿಸೋ ಗೋಜಿಲ್ಲ. ಕೊನೆಗೆ ತಾಳೆಗರಿ ಒತ್ತಿದ್ರೆ ಗಾಜಿನ ಹಾಗೆ ಹೊಳಪು. ಒಂದು ಕಾಯಿಗೆ ಎರಡು ನಿಮಿಷವೂ ಹಿಡೀಲಿಲ್ಲ. 16 ಕಾಯಿ ಒಂದೇ ಅಳತೆ, ಮಾಡಿದ್ದು ಬರೀ ಕಣ್ಣಂದಾಜಿನಲ್ಲಿ. ನಾನು ಸ್ಕೇಲ್ ಇಟ್ಟು ನೋಡಿದ್ದಕ್ಕೆ ಅವರು ನಕ್ಕರು. ಜಿಐ ಟ್ಯಾಗ್ ಇರೋ ಈ ಕೆಲಸಕ್ಕೆ ಅವರು ಕೇಳಿದ ದುಡ್ಡು ನನ್ನ ಹಿಂದಿನ ವರ್ಷದ ಆಟದ ಕಸ್ಟಮ್ಸ್ ಸುಂಕಕ್ಕಿಂತ ಕಡಿಮೆ.

ಮದ್ದೂರಲ್ಲಿ ವಡೆ ತಿಂದೆ. ಅದರ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ.

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ದೇವಸ್ಥಾನ, ದರಿಯಾ ದೌಲತ್, ಸಂಗಮ ನೋಡಿ ಮುಂದೆ ಹೊರಟುಬಿಡ್ತಾರೆ. ಕೋಟೆಯೊಳಗಿನ ಸಣ್ಣ ಬೀದಿಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ನಡೆದು ನೋಡಿ. ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಜನ ಜಗಲಿಗೆ ಬರೋ ಹೊತ್ತು ಅದು. ಚಿಕ್ಕಜ್ಜಿಯೂ ಜಗಲಿ ಮೇಲೆ ಇದ್ದರು. ಎದುರುಮನೆಯ ಅಮ್ಮ ಬಂದು ಕೂತಿದ್ದರು. ನಡುವೆ ಮಣೆ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಅಳಗುಳಿ ಮಣೆ ಅಂದ್ರೆ ಎರಡು ಸಾಲು, ಸಾಲಿಗೆ ಏಳು ಗುಳಿ. ಕರಾವಳಿಯವರು ಚೆನ್ನೆಮಣೆ ಅಂತಾರೆ, ಆಟಿ ತಿಂಗಳ ಮಳೆಯಲ್ಲಿ ಆಡ್ತಾರೆ. ತಮಿಳರದ್ದು ಪಲ್ಲಾಂಗುಳಿ. ಆಫ್ರಿಕಾದ ಉದ್ದಗಲಕ್ಕೂ ಇದೇ ಕುಟುಂಬದ ಆಟಗಳಿವೆ, ಒಟ್ಟಾಗಿ ಮಂಕಾಲ ಅಂತ ಕರೀತಾರೆ. ಚಿಕ್ಕಜ್ಜಿ ಲೆಕ್ಕದಲ್ಲಿ ಗುಳಿಗೆ ಐದು ಹುಣಸೆಬೀಜ, ಒಟ್ಟು 70. ನಿಮ್ಮ ಕಡೆಯ ಒಂದು ಗುಳಿಯ ಬೀಜವೆಲ್ಲ ಎತ್ತಿಕೊಂಡು, ಮುಂದಿನ ಗುಳಿಗಳಿಗೆ ಒಂದೊಂದೇ ಹಾಕ್ತಾ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯದನ್ನ ಎತ್ತಿ ಮತ್ತೆ ಹಾಕೋದು. ಎತ್ತಬೇಕಾದ ಗುಳಿ ಖಾಲಿ ಇದ್ರೆ, ಅದನ್ನ ಸವರಿ, ಅದರಾಚೆ ಗುಳಿಯಲ್ಲಿರೋದೆಲ್ಲ ನಿಮ್ಮದು. ಅಲ್ಲಿಗೆ ನಿಮ್ಮ ಸರದಿ ಮುಗೀತು.

ಚಿಕ್ಕಜ್ಜಿ ಮಣೆಯ ಗುಳಿಗಳು ಅರುವತ್ತು ವರ್ಷದ ಬೆರಳಿಗೆ ನುಣುಪಾಗಿವೆ. ಒಂದು ತುದಿ ಸೀಳು ಬಿಟ್ಟಿದೆ. ಬೀಜಗಳ ಜೊತೆ ಒಂದು ಕೋಟಿನ ಗುಂಡಿಯೂ ಇದೆ, ಕಳೆದುಹೋದ ಒಂದು ಬೀಜದ ಬದಲಿಗೆ. ಅವರಿಗೆ ಈಗ ಕಣ್ಣು ಮಂದ. ಗುಳಿಗೆ ಬೆರಳಿಟ್ಟ ತಕ್ಷಣ ಐದಿದೆಯೋ ಆರಿದೆಯೋ ಹೇಳ್ತಾರೆ. ನಾನು ಕಣ್ಣಲ್ಲಿ ಎಣಿಸೋದು ನಿಧಾನ.

‘ತಗೊಂಡು ಹೋಗೋಕೆ ಬಂದ್ಯಾ? ಮೊದಲು ಕೂತ್ಕೋ, ಆಡು’ ಅಂದರು.

ಮೊದಲ ಸುತ್ತಿನಲ್ಲಿ ನನಗೆ ಉಳಿದದ್ದು 21 ಬೀಜ. ಮುಂದಿನ ಸುತ್ತಿಗೆ ನಿಮ್ಮ ಹತ್ರ ಇರೋ ಬೀಜದಿಂದಲೇ ನಿಮ್ಮ ಗುಳಿ ತುಂಬಬೇಕು. 21ರಲ್ಲಿ ನಾಲ್ಕು ಗುಳಿ ತುಂಬಿತು, ಒಂದು ಬೀಜ ಮಿಕ್ಕಿತು. ಉಳಿದ ಮೂರು ಗುಳಿಗೆ ಚಿಕ್ಕಜ್ಜಿ ಪೊರಕೆಯಿಂದ ಒಂದೊಂದು ಕಡ್ಡಿ ಮುರಿದು ಅಡ್ಡ ಇಟ್ಟರು. ಅಲ್ಲಿಗೆ ಇಬ್ಬರೂ ಬೀಜ ಹಾಕೋ ಹಾಗಿಲ್ಲ. ಮುಂದೆ ಗೆದ್ದರೆ ಕಡ್ಡಿ ತೆಗೆದು ಗುಳಿ ಬಿಡಿಸಿಕೊಳ್ಳಬಹುದು. ನಾನು ಬಿಡಿಸಿಕೊಳ್ಳಲಿಲ್ಲ. ಸೋತವನನ್ನ ಇನ್ನಷ್ಟು ಬಡವನನ್ನಾಗಿ ಮಾಡೋ ಆಟ ಇದು. ಹಿಂದೆ ಬಿದ್ದವನಿಗೆ ಮುಂದೆ ಬರೋ ದಾರಿ ಇಟ್ಟಿರೋ ಜರ್ಮನ್ ಆಟಗಳಿಗೆ ಒಗ್ಗಿಕೊಂಡ ನನಗೆ ಇದು ಕ್ರೂರ ಅನ್ನಿಸ್ತು. ಎದುರುಮನೆ ಅಮ್ಮ ಮಾತ್ರ ‘ಪರವಾಗಿಲ್ಲ, ಮೂರು ಮನೆ ತಾನೇ ಹೋಗಿದ್ದು’ ಅಂತ ಸಮಾಧಾನ ಹೇಳಿದರು.

ರಾತ್ರಿ ಊಟ ಆದಮೇಲೆ ನಿಯಮಗಳನ್ನ ಫೋನಿನಲ್ಲಿ ಬರೆದುಕೊಳ್ಳೋಕೆ ಕೂತೆ. ನನ್ನ ಕಪಾಟಿನ ಪ್ರತಿ ಡಬ್ಬದೊಳಗೂ ಒಂದು ರೂಲ್‌ಬುಕ್ ಇದೆ. ಕ್ಯಾಟಾನ್ ಮಾಡಿದ ಕ್ಲಾಸ್ ಟಾಯ್ಬರ್ ಮೊದಲು ಹಲ್ಲಿನ ಲ್ಯಾಬ್ ನಡೆಸ್ತಿದ್ದವರು, ಅವರ ಆಟ 1995ರಲ್ಲಿ ಬಂತು. ಇವತ್ತು ಅವರಿಲ್ಲ, ಆದ್ರೂ ಆಟಕ್ಕೇನೂ ಆಗಿಲ್ಲ. ಅಳಗುಳಿ ಮಣೆಯ ರೂಲ್‌ಬುಕ್ ಮಾತ್ರ ಅಡುಗೆಮನೆಯಲ್ಲಿ ನಾಳೆಯ ದೋಸೆಗೆ ಹಿಟ್ಟು ತಿರುವ್ತಾ ಇತ್ತು. ‘ಎರಡು ಗುಳಿ ಒಟ್ಟಿಗೆ ಖಾಲಿ ಇದ್ರೆ?’ ‘ಏನೂ ಸಿಗಲ್ಲ.’ ‘ಕಡ್ಡಿ ಇಟ್ಟ ಗುಳಿ ಖಾಲಿ ಅಂತ ಲೆಕ್ಕಾನಾ?’ ‘ಅಲ್ಲ, ಅದು ಇಲ್ಲವೇ ಇಲ್ಲ ಅಂತ ಲೆಕ್ಕ.’ ‘ಎದುರುಮನೆ ಅಮ್ಮ ನಾಲ್ಕರ ಲೆಕ್ಕ ಅಂದರಲ್ಲ?’ ‘ಅದು ಅವರ ತವರಿನ ಆಟ. ಸೋಮವಾರದಿಂದ ಬುಧವಾರ ಅವರ ಲೆಕ್ಕ, ಆಮೇಲೆ ನಂದು.’ ಇಂಥ ಎಡ್ಜ್ ಕೇಸ್‌ಗಳು 19 ಬರೆದುಕೊಂಡೆ. ಯಾವ ಪ್ರಶ್ನೆಗೂ ಅವರು ಯೋಚನೆ ಮಾಡಿ ಉತ್ತರ ಹೇಳಲಿಲ್ಲ, ಎಲ್ಲಾ ತುದಿನಾಲಿಗೆಯಲ್ಲಿತ್ತು.

ಮಣೆ ವಿಷಯ ನಾನೇ ಎತ್ತಿದೆ. ಹೈದರಾಬಾದಿಗೆ ತಗೊಂಡು ಹೋಗಲ್ವಾ ಅಂದೆ.

‘ಹನ್ನೊಂದನೇ ಮಹಡಿಯಲ್ಲಿ ಯಾರ್ ಜೊತೆ ಆಡ್ಲೋ? ಮಣೆ ಎದುರುಮನೆಯವಳಿಗೆ. ಅವಳ ಸೊಸೆಗೆ ಕಲಿಸ್ತಾ ಇದೀನಿ. ನಿಂಗೆ ಆಗಲೇ 43 ಇದೆಯಂತಲ್ಲ.’

ಬೇಜಾರಾಯ್ತು, ಸುಳ್ಳು ಹೇಳಲ್ಲ. ಅರುವತ್ತು ವರ್ಷದ ಮಣೆ ನನ್ನ ಕಪಾಟಿನಲ್ಲಿ ಎಲ್ಲಿರಬೇಕು ಅಂತ ಜಾಗ ಕೂಡ ಮಾಡಿಟ್ಟು ಬಂದಿದ್ದೆ. ಆದ್ರೆ ಆ ಕಪಾಟಿನ ಆಟಗಳು ತಿಂಗಳಿಗೊಮ್ಮೆ ಹೊರಗೆ ಬಂದರೆ ಹೆಚ್ಚು. ಈ ಮಣೆ ದಿನಾ ಮೂರು ಗಂಟೆಗೆ ಜಗಲಿಗೆ ಬರುತ್ತೆ. ವಾದ ಮಾಡೋಕೆ ನನ್ನ ಹತ್ರ ಏನೂ ಇರಲಿಲ್ಲ. ಚಿಕ್ಕಜ್ಜಿ ಡಬ್ಬಿಯಿಂದ ನಾಲ್ಕು ಕವಡೆ ತೆಗೆದು ಕೈಗಿಟ್ಟರು. ‘ಕಾಯಿ ಮಾಡಿಸ್ಕೊಂಡು ಬಂದಿದೀಯಲ್ಲ, ಕವಡೆ ಇಲ್ದೆ ಏನ್ ಆಡ್ತೀಯ?’

ಮಾರನೇ ದಿನ ಮೈಸೂರು. ಆಟಗಳ ಲೆಕ್ಕದಲ್ಲಿ ಇದು ರಾಜಧಾನಿಯೇ, ಕಾರಣ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳೋವರೆಗೆ ಅವರು ಹೆಸರಿಗೆ ಮಾತ್ರ ರಾಜರು. ಆ 37 ವರ್ಷದಲ್ಲಿ ಸಾಹಿತ್ಯ, ಸಂಗೀತಕ್ಕೆ ಆಶ್ರಯ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಆಟಗಳಿಗೆ ಕೊಟ್ಟ ಸಮಯದ ಬಗ್ಗೆ ಮಾತು ಕಡಿಮೆ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಅದು ಆಟಗಳದ್ದೇ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆಟದ ಪಟಗಳನ್ನ ಚಿತ್ರಿಸಿಬಿಟ್ಟಿದ್ದಾರೆ.

ಇಂಜಿನಿಯರಿಂಗ್ ಓದಿದವರಿಗೆ ಒಂದು ವಿಷಯ ವಿಶೇಷವಾಗಿ ಹಿಡಿಸುತ್ತೆ. ಚದುರಂಗದ ಕುದುರೆ 64 ಮನೆಗಳಿಗೂ ಒಂದೊಂದೇ ಸಲ ಹೋಗಿ ಬರಬೇಕು ಅನ್ನೋ ಲೆಕ್ಕ ನಾವೆಲ್ಲ ಲ್ಯಾಬಿನಲ್ಲಿ ಬ್ಯಾಕ್‌ಟ್ರ್ಯಾಕಿಂಗ್ ಕಲಿಯೋಕೆ ಬರೆದದ್ದು ತಾನೇ? ಮುಮ್ಮಡಿಯವರ ಕುದುರೆ ನಡಿಗೆಯಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ, ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದಾಗ 260 ಬರುತ್ತೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ. ನನ್ನ ಪ್ರೋಗ್ರಾಂ ಬರೀ ನಡಿಗೆ ಹುಡುಕೋಕೇ ಲ್ಯಾಬ್ ಮುಗಿಯೋವರೆಗೂ ಓಡ್ತಾ ಇತ್ತು.

ಮೃಗಾಲಯದ ಎದುರಿನ ರಾಮ್‌ಸನ್ಸ್ ಅಂಗಡಿಗೆ ಆಟ ಹುಡುಕ್ಕೊಂಡು ಹೋಗೋರು ತಪ್ಪದೆ ಹೋಗಬೇಕು. ಅವರ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಅನ್ನೋ ಹೆಸರಲ್ಲಿ ಹಳೇ ಆಟಗಳ ಪ್ರದರ್ಶನ ನಡೆಸಿಕೊಂಡು ಬಂದಿದೆ. ಪಗಡೆ ಹಾಸು, ಸಾಲುಮನೆ, ಹುಲಿ–ಕುರಿ, ಪರಮಪದ ಸೋಪಾನ. ಅಂದಹಾಗೆ ನಮ್ಮ ಪಚ್ಚೀಸಿಯನ್ನೇ ಸರಳ ಮಾಡಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಅಂತ ಪೇಟೆಂಟ್ ಮಾಡಿದ್ದು. ಇನ್ನು ಮುಂದೆ ಯಾರಾದ್ರೂ ‘ಲೂಡೋ ಥರಾನಾ’ ಅಂದ್ರೆ ನನ್ನ ಹತ್ರ ಉತ್ತರ ಇದೆ.

ಹುಲಿ–ಕುರಿ ಪಟ ಕೊಂಡೆ. 3 ಹುಲಿ, 15 ಕುರಿ. ಹುಲಿ ಹಾರಿ ಕುರಿ ತಿನ್ನುತ್ತೆ, ಕುರಿಗಳು ಒಟ್ಟು ಸೇರಿ ಹುಲಿಗೆ ಅಲುಗಾಡೋಕೆ ಜಾಗ ಇಲ್ಲದ ಹಾಗೆ ಕಟ್ಟಿಹಾಕಬೇಕು. ಇಬ್ಬರು ಆಟಗಾರರಿಗೆ ಬೇರೆ ಬೇರೆ ಬಲ, ಬೇರೆ ಗುರಿ. ಇವತ್ತು ಅಸಿಮೆಟ್ರಿಕ್ ಅಂತ ದೊಡ್ಡ ಹೆಸರಿಟ್ಟು ಸಾವಿರಾರು ರೂಪಾಯಿಗೆ ಮಾರೋದು ಇದನ್ನೇ. ನನ್ನ ಅಭಿಪ್ರಾಯ ಕೇಳಿದ್ರೆ, ಆಟ ಗೊತ್ತಿರೋರ ಕೈಯಲ್ಲಿ ಕುರಿಯೇ ಬಲ.

ಅಳಗುಳಿ ಮಣೆಯೂ ಒಂದು ಸಿಕ್ತು, ಮಡಚೋ ಥರದ್ದು, ಹೊಸದು. ಗುಳಿಗಳು ಇನ್ನೂ ಒರಟು. ಹುಣಸೆಬೀಜ ದೇವರಾಜ ಮಾರುಕಟ್ಟೆಯಲ್ಲಿ ಕೇಳಿದ್ರೆ, ಅಂಗಡಿಯವರು ಬೀಜ ಬಿಡಿಸಿಟ್ಟ ಮೂಟೆ ತೋರಿಸಿ ‘ಎಷ್ಟು ಬೇಕೋ ತಗೊಳ್ಳಿ’ ಅಂದರು. 80 ಎಣಿಸಿಕೊಂಡೆ. ಕಳೆದುಹೋಗೋವು ಇದ್ದೇ ಇರುತ್ವೆ.

ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ನಮ್ಮ ಮನೆಯಲ್ಲಿ ಆರು ಜನ ಸೇರಿದ್ವಿ. ಚೌಕಾಬಾರಕ್ಕೆ ಬಟ್ಟೆಯ ಮೇಲೆ ಮಾರ್ಕರ್‌ನಲ್ಲಿ 25 ಮನೆ ಗೀಚಿದ್ದು ಸಾಕಾಯ್ತು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು. ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಅಂದ ತಕ್ಷಣ ಅಲ್ಲಿವರೆಗೆ ಸಭ್ಯರಾಗಿದ್ದವರೆಲ್ಲ ಬದಲಾದರು. ನಡುಮನೆ ಮುಟ್ಟಿದ ಕಾಯಿಗೆ ‘ಹಣ್ಣಾಯ್ತು’ ಅಂತೀವಿ ಅಂದಾಗ ಲಖನೌದ ಗೆಳೆಯ ಆ ಪದ ಕಲಿತು ರಾತ್ರಿಯಿಡೀ ಅದನ್ನೇ ಕೂಗಿದ. ಕ್ಯಾಟಾನ್ ಡಬ್ಬ ತೆಗೆದು ಮೇಜಿನ ಮೇಲಿಟ್ಟಿದ್ದೆ. ಯಾರೂ ತೆರೀಲಿಲ್ಲ.

ಹನ್ನೊಂದೂವರೆಗೆ ಅಳಗುಳಿ ಮಣೆಯಲ್ಲಿ ಜಗಳ ಶುರುವಾಯ್ತು. ಎರಡು ಖಾಲಿ ಗುಳಿ, ನಡುವೆ ಕಡ್ಡಿ ಇಟ್ಟ ಒಂದು ಗುಳಿ. ಕಡ್ಡಿಯದನ್ನ ಬಿಟ್ಟು ಲೆಕ್ಕ ಹಾಕಿದ್ರೆ ಎರಡು ಖಾಲಿ ಒಟ್ಟಿಗಿರೋ ಹಾಗೆ, ಬಿಡದಿದ್ರೆ ಅಲ್ಲ. ಆಚೆ ಗುಳಿಯಲ್ಲಿ 14 ಬೀಜ. ನನ್ನ 19 ಎಡ್ಜ್ ಕೇಸ್‌ಗಳಲ್ಲಿ ನೇರ ಉತ್ತರ ಇರಲಿಲ್ಲ. ಚಿಕ್ಕಜ್ಜಿ ಹೊಸ ವರ್ಷಕ್ಕೆ ಮೊಮ್ಮಕ್ಕಳ ಫೋನ್ ಬರುತ್ತೆ ಅಂತ ಎದ್ದಿರ್ತಾರೆ. ವಿಡಿಯೋ ಕಾಲ್ ಮಾಡಿ ಮಣೆ ತೋರಿಸಿದೆ. ಕಾಣ್ತೋ ಇಲ್ವೋ, ಗುಳಿ ಗುಳಿಯ ಎಣಿಕೆ ಬಾಯಲ್ಲೇ ಹೇಳಿಸಿಕೊಂಡರು. ಆಮೇಲೆ ಕೇಳಿದರು:

‘ಆ 14 ಯಾರು ಕೇಳ್ತಿರೋದು?’

‘ನಾನು, ಚಿಕ್ಕಜ್ಜಿ.’

‘ಹಾಗಾದ್ರೆ ಸಿಗಲ್ಲ ಬಿಡು.’