ಳಕಾರದ ಜಾಗ ಮತ್ತು ಕಾಣೆಯಾದ ಕೈಪಿಡಿ

ಮಳೆ, ಬೆಳೆ, ಕಳೆ, ಹೊಳೆ, ಬಳೆ, ಎಳೆ. ನಂಜನಗೂಡಿನ ಸುತ್ತಮುತ್ತಲ ಹಳ್ಳಿಗಳಿಂದ ನಾನು ಕೂಡಿಹಾಕಿದ ಪದಗಳಲ್ಲಿ ಳಕಾರದ್ದೇ ದರ್ಬಾರು. ಇವನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಪ್ರಬಂಧದ ಅನುಬಂಧಕ್ಕೆ ಹಾಕಬೇಕು. ಕಂಪ್ಯೂಟರಿಗೆ ‘ಸಾರ್ಟ್’ ಎಂದರೆ ಕ್ಷಣದ ಕೆಲಸ. ಜೋಡಿಸಿತು. ಆದರೆ ‘ಬಳೆ’ ಬಂದು ‘ಬಸವ’ನಿಗಿಂತ ಮುಂದೆ ಕೂತಿತ್ತು.

ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಕಟ್ಟಕಡೆಗೆ. ಯೂನಿಕೋಡ್‌ನಲ್ಲಿ ಅದರ ಮನೆ ಲ ಪಕ್ಕದಲ್ಲಿದೆ. ಭಾರತದ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಸಾಲಾಗಿ ಕೂರಿಸಿದ ಇಸ್ಕಿಯ ಏರ್ಪಾಡು ಅದು. ಯೂನಿಕೋಡ್ ಅದನ್ನೇ ಮುಂದುವರಿಸಿತು. ಳ ಮತ್ತು ವ ನಡುವೆ ಒಂದು ಖಾಲಿ ಮನೆಯೂ ಇದೆ. ದೇವನಾಗರಿಯಲ್ಲಿ ಅಲ್ಲೊಂದು ಅಕ್ಷರ ವಾಸವಾಗಿದೆ, ನಮ್ಮಲ್ಲಿ ಯಾರೂ ಇಲ್ಲ. ಭಾಷೆಯ ನಿಯಮ ಹೇಳಿಕೊಡದಿದ್ದರೆ ಯಂತ್ರ ಮನೆ ನಂಬರು ನೋಡಿ ಜೋಡಿಸಿಬಿಡುತ್ತದೆ. ನನಗೆ ಮಾತು ಕೊಟ್ಟ ಅಜ್ಜಿಯ ಮೊಮ್ಮಗಳು ನಾಳೆ ಈ ಪಟ್ಟಿ ತೆರೆದು, ಶಾಲೆಯಲ್ಲಿ ಕಲಿತ ಕ್ರಮದಲ್ಲೇ ಹುಡುಕಿದರೆ ಅಜ್ಜಿಯ ಮಾತು ಸಿಗಬೇಡವೇ?

ನಿಯಮವನ್ನು ನಾವೇ ಬರೆದುಕೊಡಬಹುದು. ಬರೆಯುವ ಬಗೆ ಯೂನಿಕ್ಸ್ ಕೈಪಿಡಿಯ ಐದನೇ ವಿಭಾಗದಲ್ಲಿ, ‘ಲೊಕೇಲ್’ ಎಂಬ ಪುಟದಲ್ಲಿದೆ. ‘ಮ್ಯಾನ್ 5 ಲೊಕೇಲ್’ ಎಂದು ಟೈಪಿಸಿದೆ. ಅಂಥ ಪುಟವಿಲ್ಲ ಎಂದಿತು ಸರ್ವರ್. ‘ಮ್ಯಾನ್ ಸಾರ್ಟ್’ ಎಂದರೂ ಅದೇ ಉತ್ತರ. ಅವತ್ತು ಮಳೆಗೆ ನೆಟ್ ಬೇರೆ ಹೋಗಿತ್ತು.

“ಅಕ್ಕಾ, ನೆಟ್ ಬಂದ್ಮೇಲೆ ಗೂಗಲ್ ಮಾಡಿದ್ರಾಯ್ತಲ್ವಾ?” ಎಂದ ಪಕ್ಕದಲ್ಲಿದ್ದ ಜೂನಿಯರ್. ಆಗುತ್ತದೆ. ಆದರೆ ನೆಟ್ಟಿನಲ್ಲಿ ಸಿಗುವ ಪುಟ ಯಾವ ಆವೃತ್ತಿಯದೋ. ಯಂತ್ರದೊಳಗಿನ ಪುಟ ಆ ಯಂತ್ರದಲ್ಲಿರುವ ಆವೃತ್ತಿಯದೇ. ‘ಸಾರ್ಟ್’ನಂಥ ಆದೇಶಕ್ಕಾದರೆ ಮುಂದೆ ‘ಹೆಲ್ಪ್’ ಸೇರಿಸಿ ಅದನ್ನೇ ಕೇಳಬಹುದು. ಕಡತವೊಂದನ್ನು ಹೇಗೆ ಬರೆಯಬೇಕು ಎಂದು ಯಾರನ್ನು ಕೇಳುವುದು? ಕಡತಕ್ಕೆ ಬಾಯಿಲ್ಲ.

ಹುಡುಕುತ್ತ ಹೋದೆವು. ಮ್ಯಾನ್ ಪ್ರೋಗ್ರಾಂ ಇತ್ತು. ಪುಟಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ದಾರಿಯನ್ನು ‘ಮ್ಯಾನ್‌ಪಾತ್’ ಸರಿಯಾಗಿಯೇ ತೋರಿಸಿತು. ಸೂಚಿಯಷ್ಟೇ ಹಳಸಿದ್ದರೆ ‘ಮ್ಯಾನ್‌ಡಿಬಿ’ ಓಡಿಸಿದರೆ ಸಾಕಾಗುತ್ತಿತ್ತು, ಆದರೆ ಅದು ಕೆಡಿಸುವುದು ಪದ ಕೊಟ್ಟು ಹುಡುಕುವುದನ್ನು ಮಾತ್ರ. ವಿಚಿತ್ರ ಕಂಡದ್ದು ಆಮೇಲೆ. ಈ ಪೊಟ್ಟಣದಲ್ಲಿ ಏನೇನಿದೆ ಎಂದು ‘ಡಿಪಿಕೆಜಿ’ಯನ್ನು ಕೇಳಿದರೆ ಕೈಪಿಡಿ ಪುಟದ ಹೆಸರು ಪಟ್ಟಿಯಲ್ಲಿದೆ, ಆ ಜಾಗಕ್ಕೆ ಹೋಗಿ ನೋಡಿದರೆ ಕಡತವಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿದ್ದು ಮನೆಯಲ್ಲಿ ಜನವಿಲ್ಲದ ಹಾಗೆ. ‘ಡಿಪಿಕೆಜಿ’ಯ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸಿಕ್ಕಿತು, ‘ಪಾತ್ ಎಕ್ಸ್‌ಕ್ಲೂಡ್’. ಕೈಪಿಡಿಗಳನ್ನು ಇಳಿಸಲೇಬೇಡ ಎಂಬ ಅಪ್ಪಣೆ. ಮನುಷ್ಯರು ಕೂತು ಕೆಲಸ ಮಾಡುವುದಿಲ್ಲ ಎಂದುಕೊಂಡ ಸಣ್ಣ ಸರ್ವರ್‌ಗಳಲ್ಲಿ ಜಾಗ ಉಳಿಸಲು ಹೀಗೆ ಮಾಡುತ್ತಾರೆ. ಉಬುಂಟುವಿನಲ್ಲಾದರೆ ಎಲ್ಲವನ್ನೂ ಮರಳಿ ತರಲು ‘ಅನ್‌ಮಿನಿಮೈಜ್’ ಎಂಬ ಆದೇಶವೇ ಇದೆ. ಬರೀ ಆ ಸಾಲು ಅಳಿಸಿದರೆ ಸಾಲದು, ಪೊಟ್ಟಣಗಳನ್ನು ಮತ್ತೆ ಇಳಿಸಬೇಕು. ಅದಕ್ಕೆ ಅಡ್ಮಿನ್ ಹಕ್ಕು ಬೇಕು, ನೆಟ್ಟೂ ಬೇಕು.

ಮೊದಲ ಯೂನಿಕ್ಸ್ ಕೈಪಿಡಿಯ ಮೇಲಿರುವ ತಾರೀಖು 1971ರ ನವೆಂಬರ್ 3. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದದ್ದು. ಪುಟಗಳ ಕೊನೆಯಲ್ಲಿ ‘ಬಗ್ಸ್’ ಎಂಬ ತಲೆಬರಹ: ಈ ಆದೇಶದಲ್ಲಿ ಏನು ಸರಿಯಿಲ್ಲ ಎಂದು ಬರೆದವರೇ ಹೇಳಿಕೊಳ್ಳುವ ಜಾಗ. ನಮ್ಮ ಪಿಎಚ್‌.ಡಿ. ಪ್ರಬಂಧಗಳಿಗೆ ಅಂಥದ್ದೊಂದು ಅಧ್ಯಾಯ ಕಡ್ಡಾಯ ಮಾಡಿದರೆ ಎಷ್ಟು ಪುಟ ಬರಬಹುದೋ!

ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಆವೃತ್ತಿಯ ಲಿನಕ್ಸ್ ಇತ್ತು. ಅದರಿಂದ ಐದನೇ ವಿಭಾಗವನ್ನು ಪೆನ್‌ಡ್ರೈವಿನಲ್ಲಿ ತಂದು ಸರ್ವರ್‌ನ ನನ್ನ ಫೋಲ್ಡರಿಗೆ ಹಾಕಿ, ‘ಮ್ಯಾನ್‌ಪಾತ್’ಗೆ ಆ ದಾರಿ ಸೇರಿಸಿದೆ. ದಾರಿಯ ಕೊನೆಗೆ ಒಂದು ಕೋಲನ್ ಇಡಬೇಕು. ಇಡದಿದ್ದರೆ ಯಂತ್ರ ತನ್ನ ಮಾಮೂಲಿ ದಾರಿಗಳನ್ನೆಲ್ಲ ಮರೆಯುತ್ತದೆ. ಪುಟ ತೆರೆದುಕೊಂಡಿತು. ಬೇಕಾಗಿದ್ದದ್ದು ‘ರೀಆರ್ಡರ್ ಆಫ್ಟರ್’ ಎಂಬ ಪದ: ಇಂಥ ಅಕ್ಷರದ ನಂತರ ಇಂಥದ್ದು ಎಂದು ಹೇಳಲು.

ಹ ಆದ ಮೇಲೆ ಳ ಎಂದು ಬರೆದೆ. ಱ, ೞಗಳ ಜಾಗ ಇನ್ನೂ ತೀರ್ಮಾನವಾಗಿಲ್ಲ. ನನ್ನ ಪಟ್ಟಿಯಲ್ಲಿ ಅವು ಬರುವುದಿಲ್ಲ. ಹಳಗನ್ನಡದ ಮೇಲೆ ಕೆಲಸ ಮಾಡುವ ಗೆಳತಿಗೆ ಫೋಲ್ಡರನ್ನು ಕಳಿಸಿದ್ದೇನೆ, ಅವಳೂ ಅವಳ ಗೈಡೂ ಇನ್ನೂ ವಾದ ಮಾಡುತ್ತಿದ್ದಾರೆ.